ತಂತಿಬೇಲಿಯಾಚೆಯ ಬನ್ನಿ

೧೯೪೨ರ ದಸರೆಯ ಹೊತ್ತಿಗೆ ನಾನು ಈಜಿಪ್ಟಿನ ಪಶ್ಚಿಮ ಮರುಭೂಮಿಯಲ್ಲಿ, ಭಾರತೀಯ ಸೈನ್ಯದ ಒಂದು ಪಯೋನಿಯರ್ ಕಂಪನಿಯಲ್ಲಿ ಹವಾಲ್ದಾರ್ ಕ್ಲರ್ಕನಾಗಿದ್ದೆ. ಪಯೋನಿಯರ್ ಎಂದರೆ ಬಂದೂಕಿಗಿಂತ ಸಲಿಕೆಯನ್ನು ಹೆಚ್ಚು ಹಿಡಿಯುವ ಸಿಪಾಯಿ. ರಸ್ತೆ ಹಾಕುವುದು, ಸಾಮಾನು ಇಳಿಸುವುದು, ತಂತಿಬೇಲಿ ಬಿಗಿಯುವುದು, ತಗ್ಗು ತೋಡುವುದು ಅವನ ಕೆಲಸ. ಕ್ಲರ್ಕನಾದ ನನ್ನ ಕೆಲಸವೆಂದರೆ ಇಂಗ್ಲಿಷಿನಲ್ಲಿ ಬಂದ ಹುಕುಮುಗಳನ್ನು ಜನರಿಗೆ ತಿಳಿಯುವ ಮಾತಿನಲ್ಲಿ ಹೇಳುವುದು, ಅವರ ಗೋಳನ್ನು ಇಂಗ್ಲಿಷಿನಲ್ಲಿ ಮೇಲೆ ಮುಟ್ಟಿಸುವುದು. ಇಂಥ ಅನುಭವಗಳನ್ನು ಸಾಮಾನ್ಯವಾಗಿ ಪಿಂಚಣಿ ಪಡೆದವರು ಬರೆಯುತ್ತಾರೆ. ನನಗೆ ಈಗ ಇಪ್ಪತ್ತೇಳು ವರ್ಷ. ಧಾರವಾಡದಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಕೋರ್ಟಿಗೆ ಓಡಾಡುತ್ತಿದ್ದೇನೆ. ಪಿಂಚಣಿಯ ವಯಸ್ಸಿನವರೆಗೆ ಕಾಯದೆ ಬರೆಯಲು ಕಾರಣ ಇಷ್ಟೆ: ಐದು ವರ್ಷವಾದರೂ ಆ ಒಂದು ಪ್ರಕರಣ ನನ್ನೊಡನೆ ವಾದ ನಿಲ್ಲಿಸಿಲ್ಲ.

ನನ್ನ ಹಿನ್ನೆಲೆ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ, ಯಾಕೆಂದರೆ ಅದು ಮುಂದಿನ ಕಥೆಗೆ ಬೇಕು. ಧಾರವಾಡದಲ್ಲಿ ಓದುವಾಗ ನಾನು ಚರ್ಚಾಕೂಟದ ಹುಡುಗ. ಚೀಟಿ ಎತ್ತುವುದು, ಅದರಲ್ಲಿ ಬಂದ ಪಕ್ಷವನ್ನು ಸಮರ್ಥಿಸುವುದು, ಎದುರಿನವನು ಯಾವ ಪ್ರಶ್ನೆಯ ಹತ್ತಿರ ಸುಳಿಯುವುದಿಲ್ಲವೋ ಅಲ್ಲೇ ಅವನ ನೋವಿದೆ ಎಂದು ಹಿಡಿಯುವುದು. ಇದನ್ನು ಕಲಿತವನಿಗೆ ಯಾವುದನ್ನಾದರೂ ನಂಬುವುದು ಕಷ್ಟ. ಪಂಚಾಂಗ ನಂಬುತ್ತಿರಲಿಲ್ಲ, ಸರಕಾರವನ್ನೂ ನಂಬುತ್ತಿರಲಿಲ್ಲ. ಗರಗದಲ್ಲಿ ನಮ್ಮ ಕಾಕಾ ದಿನವೂ ನೂಲು ತೆಗೆಯುವವರು. ನಾನು ಖಾಕಿ ತೊಟ್ಟೆನೆಂದು ಮಾತು ಬಿಟ್ಟರು. "ಕಾಕಾ, ಖಾದಿನೂ ಅರಿವಿ, ಖಾಕಿನೂ ಅರಿವಿ" ಎಂದು ವಾದಿಸಿದೆ. ಅವರು ರಾಟಿ ನಿಲ್ಲಿಸಲಿಲ್ಲ. ವಾದಕ್ಕೆ ಉತ್ತರ ಕೊಡದವರ ಮುಂದೆ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

ಇನ್ನು ನಮ್ಮ ಛಾವಣಿ. ಸಮುದ್ರದಿಂದ ಸ್ವಲ್ಪ ಒಳಗೆ, ಬಯಲಿನಲ್ಲಿ ನಮ್ಮ ಡೇರೆಗಳು. ಸುತ್ತಲೂ ತಂತಿಬೇಲಿ. ಬೇಲಿಯ ಪಶ್ಚಿಮಕ್ಕೆ ಒಂದು ದೊಡ್ಡ ಮೈದಾನ. ಅದರ ಅಂಚಿಗೆ ಸಾಲಾಗಿ ಹಲಗೆಗಳು, ಹಲಗೆಯ ಮೇಲೆ ಬುರುಡೆಯ ಚಿತ್ರ, ಕೆಳಗೆ 'ಮೈನ್' ಎಂಬ ಅಕ್ಷರ. ಮೈನ್ ಎಂದರೆ ನೆಲದಲ್ಲಿ ಹೂತಿಟ್ಟ ಸಿಡಿಗುಂಡು. ಮೇಲೆ ಕಾಲು ಬಿದ್ದರೆ ಕಾಲೂ ಉಳಿಯುವುದಿಲ್ಲ, ಕಾಲಿನವನೂ ಉಳಿಯುವುದಿಲ್ಲ. ಆ ಮೈದಾನದ ನಡುವೆ ಒಂದು ಮುಳ್ಳಿನ ಗಿಡವಿತ್ತು. ಗಿಡವೆಂದರೆ ಗಿಡ, ಪೊದೆಯೆಂದರೆ ಪೊದೆ. ಅಷ್ಟು ಅಗಲದ ನೆಲದಲ್ಲಿ ಹಸಿರೆಂದು ಕಾಣುವುದು ಅದೊಂದೇ ಆದ್ದರಿಂದ ಎಲ್ಲರ ಕಣ್ಣೂ ದಿನಕ್ಕೆ ಹತ್ತು ಸಲ ಅತ್ತ ಹೋಗುತ್ತಿತ್ತು.

ಆ ವರ್ಷ ನವರಾತ್ರಿ ಶುರುವಾಗುವ ಹೊತ್ತಿಗೆ ಛಾವಣಿಯ ಗಾಳಿಯೇ ಬದಲಾಗಿತ್ತು. ಪತ್ರ ಹೊರಗೆ ಹೋಗುವುದು ನಿಂತಿತು. ಬೇಲಿ ದಾಟಬಾರದು, ದಾಟಿದವನನ್ನು ಶತ್ರುವಿನ ಕಡೆಯವನೆಂದು ತಿಳಿಯಲಾಗುವುದು ಎಂಬ ಹುಕುಮನ್ನು ನಾನೇ ಓದಿ ಹೇಳಿದೆ. ಕುಡಿಯುವ ನೀರಿನ ಪಾಲನ್ನು ಯಾರೂ ಕೇಳದೆ ಹೆಚ್ಚಿಸಿದರು. ಸೈನ್ಯದಲ್ಲಿ ಕೇಳದೆ ಕೊಟ್ಟದ್ದನ್ನು ಕಂಡರೆ ಹಳೆಯ ಸಿಪಾಯಿಗಳು ಹೆದರುತ್ತಾರೆ. ನಮ್ಮ ಹಿಂದೆ, ಪೂರ್ವದ ಕಡೆಗೆ, ಕೆಂಪು ಶಿಲುಬೆಯ ಹೊಸ ಡೇರೆಗಳು ಎದ್ದವು. ನಾನು ಕೆಲಸದ ಮೇಲೆ ಹೋಗಿ ನೋಡಿದೆ: ಒಳಗೆ ಮಂಚದ ಸಾಲು, ಒಂದರ ಮೇಲೂ ರೋಗಿಯಿಲ್ಲ. ಹಾಸಿಗೆ ಹಾಸಿ ಕಾಯುತ್ತಿದ್ದರು.

ಆಮೇಲೆ ನಮ್ಮ ಕಂಪನಿಗೆ ತಗ್ಗು ತೋಡುವ ಕೆಲಸ ಬಂತು. ಇಷ್ಟು ಉದ್ದ, ಇಷ್ಟು ಅಗಲ, ಇಷ್ಟು ಆಳ ಎಂದು ಹೇಳಿದರೇ ಹೊರತು ಯಾತಕ್ಕೆಂದು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಆ ಅಳತೆಯ ತಗ್ಗಿನಲ್ಲಿ ಜಗತ್ತಿನಲ್ಲಿ ಒಂದೇ ವಸ್ತುವನ್ನು ಇಡುತ್ತಾರೆ. ನಮ್ಮವರು ಸಾಲಾಗಿ ತೋಡಿದರು, ಮಣ್ಣನ್ನು ಪಕ್ಕಕ್ಕೆ ಒಪ್ಪವಾಗಿ ಒಟ್ಟಿದರು. ಸಂಜೆ ಚಂದ್ರ ದಿನದಿನಕ್ಕೆ ದಪ್ಪಗಾಗುತ್ತಿದ್ದ. ಊರಲ್ಲಿ ಹುಣ್ಣಿವೆಯೆಂದರೆ ಹಬ್ಬ. ಇಲ್ಲಿ, ಬೆಳಕಿಗಾಗಿ ಕಾಯುವವರು ಬೇರೆಯೇ ಇದ್ದರು.

ಖಂಡೇನವಮಿಯ ದಿನ ಕಂಪನಿಯವರು ಸಲಿಕೆ, ಗುದ್ದಲಿಗಳನ್ನು ತಿಕ್ಕಿ ತೊಳೆದು ಸಾಲಾಗಿ ಇಟ್ಟು ಪೂಜೆ ಮಾಡಿದರು. ನಾನು ದೂರ ಕುಳಿತು ನೋಡುತ್ತಿದ್ದೆ. ನನ್ನ ಪಕ್ಕದಲ್ಲೇ ಸುಬೇದಾರ ಮಾನೆಯವರು ಬೀಡಿ ಸೇದುತ್ತ ನಿಂತಿದ್ದರು. ಬೆಳಗಾವಿಯ ಕಡೆಯವರು, ಹಿಂದಿನ ಮಹಾಯುದ್ಧವನ್ನೂ ಕಂಡು ಬಂದವರು. ದೇವರು ದಿಂಡರ ಮಾತು ಅವರ ಬಾಯಲ್ಲಿ ನಾನು ಕೇಳಿರಲೇ ಇಲ್ಲ. "ಪೂಜಾ ಮಾಡ್ಲಿ ಬಿಡು ಕ್ಲರ್ಕ್. ಆ ನೆವಕ್ಕರ ಗುದ್ದಲಿ ಸ್ವಚ್ಛ ಆಗ್ತಾವು" ಎಂದರು. ಇಡೀ ಕಂಪನಿಯಲ್ಲಿ ನನ್ನ ಪಕ್ಷದವರೆಂದು ನಾನು ಎಣಿಸಿದ್ದು ಅವರೊಬ್ಬರನ್ನೇ.

ಪೂಜೆ ಮುಗಿದ ಮೇಲೆ ನಮ್ಮ ಹುಬ್ಬಳ್ಳಿಯವರ ಡೇರೆಯಲ್ಲಿ ಬನ್ನಿಯ ಮಾತು ಬಂತು. ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ದಶಮಿಯ ದಿನ ಊರಿನ ಸೀಮೆ ದಾಟಿ ಹೋಗಿ ಬನ್ನಿ ಗಿಡವನ್ನು ಪೂಜಿಸಿ, ಎಲೆ ಮುರಿದು ತಂದು, ಕಂಡ ಕಂಡವರಿಗೆಲ್ಲ ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎನ್ನುವುದು. ಹಿರಿಯರಿಗೆ ಕೊಟ್ಟು ಕಾಲು ಮುಟ್ಟುವುದು. ಮಾತು ಬಿಟ್ಟವರಿದ್ದರೆ ಅವರ ಮನೆಗೇ ಹೋಗಿ ಕೊಡುವುದು. ಸೀಮೆ ದಾಟಿ ತಂದದ್ದೇ ಬನ್ನಿ, ಒಳಗೇ ಕಿತ್ತದ್ದಲ್ಲ.

ಆ ಡೇರೆಯಲ್ಲಿ ಮಾತು ಬಿಟ್ಟವರು ಇಬ್ಬರಿದ್ದರು. ಒಬ್ಬ ಈರಪ್ಪ, ಕಮ್ಮಾರರವನು, ಸಿಪಾಯಿಗಿಂತ ಮೇಲಿನ 'ನಾಯಕ' ಎಂಬ ದರ್ಜೆಯವನು. ಇನ್ನೊಬ್ಬ ಸಿಪಾಯಿ ಹುಸೇನಸಾಬ. ಇಬ್ಬರೂ ಹಳೇ ಹುಬ್ಬಳ್ಳಿಯ ಒಂದೇ ಓಣಿಯವರು, ಒಂದೇ ದಿನ ಭರತಿಯಾದವರು. ಹಡಗಿನಲ್ಲಿ ಯಾವುದೋ ಮಾತಿಗೆ ಕೈ ಮಿಲಾಯಿಸಿಕೊಂಡು, ಅಂದಿನಿಂದ ಒಂದೇ ಡೇರೆಯಲ್ಲಿ ಮಲಗಿದರೂ ಮೂರನೆಯವನ ಮೂಲಕ ಮಾತಾಡುತ್ತಿದ್ದರು. ಆ ಮೂರನೆಯವನು ಬಹಳ ಸಲ ನಾನೇ.

"ಬನ್ನಿ ಇಲ್ಲದ ದಸರಾ ಎಂಥಾ ದಸರಾ?" ಎಂದ ಹುಸೇನಸಾಬ, ಯಾರಿಗೂ ಹೇಳದವನಂತೆ. "ನಮ್ಮ ಓಣ್ಯಾಗ ಮೊದಲ ಬನ್ನಿ ಕೊಡಾಂವ ನಾನಽ."

"ಅವಗ ಹೇಳ್ರಿ ವಕೀಲ್ರ" ಎಂದ ಈರಪ್ಪ. ಕಂಪನಿಯಲ್ಲಿ ನನಗೆ ಆ ಹೆಸರೇ ಬಿದ್ದಿತ್ತು. "ಬನ್ನಿ ಐತಿ. ಬೇಲಿ ಆಚಿ ಕಡೆ ನಿಂತೈತಿ, ನೋಡು ಅಂತ ಹೇಳ್ರಿ."

"ಅದು ಬನ್ನಿ ಅಲ್ಲೋ ಮಾರಾಯಾ" ಎಂದೆ ನಾನು. "ಯಾವುದೋ ಅರಬರ ಜಾಲಿ."

"ಮುಳ್ಳು ಐತಿಲ್ರಿ?"

"ಐತಿ."

"ಸಣ್ಣ ಸಣ್ಣ ಎಲಿ?"

"ಐತಿ. ಆದ್ರ ಮುಳ್ಳು, ಎಲಿ ಇದ್ದದ್ದೆಲ್ಲಾ ಬನ್ನಿ ಅಂದ್ರ, ಗಡ್ಡ ಇದ್ದಾಂವೆಲ್ಲಾ ಸ್ವಾಮಿ ಅಂದ್ಹಂಗಾತು."

ಡೇರೆ ನಕ್ಕಿತು. ಈರಪ್ಪ ಮಾತ್ರ ನಗಲಿಲ್ಲ. ಅವನು ಅಂದು ಮಧ್ಯಾಹ್ನದವರೆಗೆ ತಗ್ಗು ತೋಡಿ ಬಂದಿದ್ದ; ಉಗುರಿನಲ್ಲಿ ಇನ್ನೂ ಆ ಮಣ್ಣಿತ್ತು. "ತಗ್ಗು ಎಷ್ಟ ಅದಾವ ನೋಡೀರೇನ್ರಿ ವಕೀಲ್ರ? ಈ ಸಲ ಬನ್ನಿ ಕೊಡದಽ ಯಾರೂ ಹೋಗಬಾರ್ದ್ರಿ" ಎಂದ. 

ಮರುದಿನ ದಶಮಿ. ಬಿಸಿಲು ಇಳಿಯುವ ಹೊತ್ತಿಗೆ ಈರಪ್ಪ ಡೇರೆಗೆ ಬಂದ. ಟೋಪಿಯ ತುಂಬ ಎಲೆ. ಕೈಯೆಲ್ಲ ಮುಳ್ಳು ತರಚಿದ ಗೀರು. ನೇರವಾಗಿ ಹುಸೇನಸಾಬನ ಮುಂದೆ ಹೋಗಿ ನಿಂತು, ಎರಡೂ ಕೈಯಿಂದ ಎಲೆ ಕೊಟ್ಟು, "ಬಂಗಾರದಂಗ ಇರೂಣೋ ಹುಸೇನ್" ಎಂದ. ಹುಸೇನಸಾಬ ಎಲೆಯನ್ನು ನೋಡಿದ, ಬೇಲಿಯ ಕಡೆ ನೋಡಿದ. "ನಿನ್ನ ತಲಿ ಎಲ್ಲಿಟ್ಟಿದ್ಯೋ ಮಗನ! ಅಲ್ಲಿ ಹೋಗಿದ್ದಿ?" ಎಂದು ಬೈದು, ಅವನನ್ನು ಎದೆಗೆ ಒತ್ತಿಕೊಂಡು ಅತ್ತುಬಿಟ್ಟ. ಅಷ್ಟು ತಿಂಗಳ ಮೇಲೆ ಅವರಿಬ್ಬರ ನಡುವೆ ಬಂದ ಮೊದಲ ಮಾತು ಅದು.

ಇಲ್ಲಿಗೇ ನಿಂತಿದ್ದರೆ ನನಗೆ ಬರೆಯಲು ಏನೂ ಇರುತ್ತಿರಲಿಲ್ಲ. ಈರಪ್ಪ ನಿಲ್ಲಲಿಲ್ಲ. ಬನ್ನಿ ತಂದ ಮೇಲೆ ಹಿರಿಯರಿಗೆ ಕೊಡದೆ ಇರುವುದುಂಟೆ? ಡೇರೆಯಿಂದ ಡೇರೆಗೆ ಕೊಡುತ್ತ ಹೋದ. ನನಗೂ ಕೊಟ್ಟ. ಕೊನೆಗೆ ಸುಬೇದಾರ ಮಾನೆಯವರ ಮುಂದೆ ನಿಂತು, ಎಲೆ ಕೊಟ್ಟು, ಬಾಗಿ ಬೂಟು ಮುಟ್ಟಿದ. ಸುಬೇದಾರರ ಎರಡೂ ಕೈ ತಾವಾಗಿಯೇ ಮುಂದೆ ಬಂದವು, ಎಲೆ ತೆಗೆದುಕೊಂಡವು. ಚಿಕ್ಕಂದಿನ ರೂಢಿ, ಕೈಗೆ ಹುದ್ದೆ ಗೊತ್ತಿರುವುದಿಲ್ಲ. ಆಮೇಲೆ ಅವರ ಮುಖ ಬದಲಾಯಿತು.

"ಎಲ್ಲಿಂದ ತಂದಿ ಇದನ್ನ?"

"ಸೀಮಿ ದಾಟಿ ತಂದೇನ್ರಿ ಸಾಹೇಬ್ರ."

ತಪ್ಪನ್ನು ಮಾಡಿ, ಅದರ ಗುರುತನ್ನು ತಾನೇ ಒಯ್ದು ಅಧಿಕಾರಿಯ ಕೈಯಲ್ಲಿಟ್ಟು, ಕಾಲಿಗೆ ಬಿದ್ದ ಆರೋಪಿಯನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಸುಬೇದಾರರು ಕಣ್ಣು ಮುಚ್ಚಿ ಕಳಿಸಬಹುದಿತ್ತೆ? ಸುತ್ತಲೂ ಜನ ನೆರೆದಿದ್ದರು. ಗಾರ್ಡನ್ನು ಕರೆದರು.

ಮರುದಿನ ಬೆಳಿಗ್ಗೆ ಸಮರಿ ಕೋರ್ಟ್ ಮಾರ್ಷಲ್. ಎಂದರೆ ಕಂಪನಿಯ ಮುಖ್ಯಾಧಿಕಾರಿಯೇ ನ್ಯಾಯಾಧೀಶನಾಗಿ ನಡೆಸುವ ವಿಚಾರಣೆ. ನಮ್ಮ ಮುಖ್ಯಾಧಿಕಾರಿ ಒಬ್ಬ ಇಂಗ್ಲಿಷ್ ಮೇಜರ್; ಹೆಚ್ಚು ಮಾತಿಲ್ಲದ, ಕೆಟ್ಟವನೂ ಅಲ್ಲದ ಮನುಷ್ಯ. ಆರೋಪಿ ತನ್ನ ಪಕ್ಕಕ್ಕೆ ಒಬ್ಬ 'ಮಿತ್ರ'ನನ್ನು ನಿಲ್ಲಿಸಿಕೊಳ್ಳಬಹುದು. ಈರಪ್ಪ ನನ್ನ ಹೆಸರು ಹೇಳಿದ. ಮಿತ್ರನಾದವನು ಸಲಹೆ ಕೊಡಬೇಕೇ ಹೊರತು ವಾದಿಸಬಾರದೆಂದು ನಿಯಮ. ಆದರೆ ಆರೋಪಿಗೆ ಇಂಗ್ಲಿಷ್ ಬಾರದೆಂದು ಮೇಜರ್ ನನಗೆ ಮಾತಾಡಲು ಬಿಟ್ಟರು.

ಪಣ ಏನಿತ್ತೆಂಬುದು ಸ್ಪಷ್ಟವಿತ್ತು. ಮೇಜರ್ ಇದನ್ನು ಶಿಸ್ತಿನ ತಪ್ಪೆಂದು ಹಿಡಿದರೆ ಶಿಕ್ಷೆ ಇಲ್ಲೇ ಮುಗಿಯುತ್ತದೆ. ಶತ್ರುವಿನ ಸಂಪರ್ಕದ ಅನುಮಾನವಿದೆ ಎಂದು ಪ್ರಕರಣವನ್ನು ಮೇಲಿನ ಕೋರ್ಟಿಗೆ ಕಳಿಸಿದರೆ, ಆ ದಿನಗಳಲ್ಲಿ, ಅಲ್ಲಿಂದ ಗೋಡೆಗೆ ನಿಲ್ಲಿಸಿ ಗುಂಡು ಹಾಕುವುದಕ್ಕೆ ಬಹಳ ದೂರವಿರಲಿಲ್ಲ.

ಈರಪ್ಪನ ಟೋಪಿಯಲ್ಲಿ ಉಳಿದಿದ್ದ ಎಲೆಗಳನ್ನು ಮೇಜಿನ ಮೇಲೆ ಸಾಕ್ಷ್ಯವೆಂದು ಇಟ್ಟಿದ್ದರು. ಸುಬೇದಾರರು ನಡೆದದ್ದನ್ನು ಎರಡೇ ವಾಕ್ಯದಲ್ಲಿ ಹೇಳಿ ಅಟೆನ್ಷನ್ನಿಗೆ ನಿಂತರು. ನಾನು ಎದ್ದೆ. ಜೀವನದಲ್ಲಿ ಯಾವ ಪದ್ಧತಿಯನ್ನೂ ನಂಬದವನಿಗೆ ಈ ಸಲ ಚೀಟಿಯಲ್ಲಿ ಬಂದದ್ದು ಪದ್ಧತಿಯ ಪಕ್ಷ. ಹೇಳಿದೆ: ಇದು ಅವನ ಊರಿನ ಆಚಾರ, ಸೀಮೆ ದಾಟದೆ ಅದು ಪೂರ್ತಿಯಾಗುವುದಿಲ್ಲ. ಶತ್ರುವನ್ನು ಕಂಡು ಬಂದವನು ಕದ್ದು ಒಳಗೆ ಬರುತ್ತಾನೆ. ಇವನು ಹಗಲಿನಲ್ಲಿ ಟೋಪಿ ತುಂಬ ಸಾಕ್ಷ್ಯ ತಂದು ಇಡೀ ಕಂಪನಿಗೆ ಹಂಚಿದ್ದಾನೆ. ಓಡಿಹೋಗುವವನು ತಿರುಗಿ ಬರುವುದಿಲ್ಲ. ಇವನು ತಿರುಗಿ ಬಂದು ಜಗಳವಾಡಿದವನನ್ನು ಮೊದಲು ಹುಡುಕಿದ್ದಾನೆ. ಮೇಜರ್ ಬರೆದುಕೊಳ್ಳುತ್ತಿದ್ದರು. ಕೆಲಸ ಆಗುತ್ತಿದೆ ಎಂದು ನನಗೆ ಗೊತ್ತಾಗುತ್ತಿತ್ತು.

ಆಮೇಲೆ ನನ್ನ ಕೊನೆಯ, ಎಲ್ಲಕ್ಕಿಂತ ಗಟ್ಟಿಯಾದ ವಾದಕ್ಕೆ ಬಂದೆ. "ಅಲ್ಲದೆ, ಮೈನ್ ತುಂಬಿದ ಆ ನೆಲದಲ್ಲಿ..." ಎಂದು ಶುರು ಮಾಡಿದೆ.

ಮೇಜರರ ಪೆನ್ಸಿಲ್ ನಿಂತಿತು. ಅವರು ತಲೆ ಎತ್ತಿ ನನ್ನನ್ನು ನೋಡಿದರು. ಕೋಪದ ನೋಟವಲ್ಲ. ಮೆಟ್ಟಿಲಿಲ್ಲದ ಕಡೆ ಕಾಲಿಡಲು ಹೊರಟವನನ್ನು ನೋಡುವ ನೋಟ.

ಆಗ ನನಗೆ ಹೊಳೆಯಿತು. ಸಿಡಿಗುಂಡುಗಳ ಮೈದಾನಕ್ಕೆ ಒಬ್ಬ ಹೋಗಿ, ಗಿಡದ ಸುತ್ತ ತಿರುಗಿ ಎಲೆ ಕಿತ್ತು, ನಡೆದುಕೊಂಡು ವಾಪಸು ಬಂದಿದ್ದಾನೆ. ಯಾವ ಅಧಿಕಾರಿಯಾದರೂ ಮೊದಲು ಕೇಳಬೇಕಾದ ಪ್ರಶ್ನೆ ಯಾವುದು? ನೀನು ಬದುಕಿ ಹೇಗೆ ಬಂದೆ? ದಾರಿ ಯಾರು ತೋರಿಸಿದರು? ಮೇಜರ್ ಅದನ್ನು ಕೇಳಿರಲಿಲ್ಲ. ಇಡೀ ಬೆಳಿಗ್ಗೆ ಅದರ ಹತ್ತಿರವೂ ಸುಳಿದಿರಲಿಲ್ಲ. ಕೇಳದೆ ಇರುವುದಕ್ಕೆ ಕಾರಣ ಒಂದೇ ಇರಬಲ್ಲದು: ಉತ್ತರ ಅವರಿಗೆ ಗೊತ್ತಿತ್ತು. ಆ ಮೈದಾನದಲ್ಲಿ ಮೈನ್ ಇರಲಿಲ್ಲ. ಹಲಗೆಗಳು ಶತ್ರುವಿನ ವಿಮಾನಗಳಿಗಾಗಿ ಹಾಕಿದ ಸೋಗು. ದಾಟಲಾಗದ ನೆಲವೆಂದು ಶತ್ರು ನಂಬಿದ ಆ ಜಾಗದ ಮೇಲೇ ಒಂದು ದಿನ, ಬಹಳ ಬೇಗ ಬರಲಿರುವ ಒಂದು ದಿನ, ನಮ್ಮ ಕಡೆಯ ಟ್ಯಾಂಕುಗಳು ಸಾಗಬೇಕಿತ್ತು. ನಾನು ಆ ವಾಕ್ಯವನ್ನು ಮುಗಿಸಿದರೆ ಇವನು ಹೇಗೆ ಉಳಿದ ಎಂಬ ಪ್ರಶ್ನೆ ಏಳುತ್ತಿತ್ತು, ಡೇರೆಯ ಬಾಗಿಲಲ್ಲಿ ನಿಂತ ಗಾರ್ಡಿನವರೂ ಅದನ್ನು ಕೇಳುತ್ತಿದ್ದರು. ಸಂಜೆಯೊಳಗೆ ಕಂಪನಿ ಕೇಳುತ್ತಿತ್ತು. ಆಮೇಲೆ ಯಾರು ಯಾರು ಕೇಳುತ್ತಿದ್ದರೋ. ಆ ಗುಟ್ಟು ಗೊತ್ತಿದ್ದು, ಶತ್ರುವಿನ ಸಂಪರ್ಕದ ಆರೋಪದಲ್ಲಿ ನಿಂತವನು ಮೇಲಿನ ಕೋರ್ಟಿಗೇ ಹೋಗುತ್ತಿದ್ದ.

ವಾಕ್ಯವನ್ನು ಅರ್ಧಕ್ಕೆ ಬಿಡುವಂತಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿ ಮುಗಿಸಿದೆ: "ಮೈನ್ ತುಂಬಿದ ಆ ನೆಲದಲ್ಲಿ ಇವನು ಉಳಿದದ್ದು ದೈವಬಲ, ಸರ್. ಸಾವಿನ ಅಂಚಿಗೆ ಹೋಗಿ ಬಂದವನಿಗೆ ತಾವು ದಯೆ ತೋರಬೇಕು." ಇಂಗ್ಲಿಷಿನಲ್ಲಿ ಹೇಳಿದ್ದನ್ನು ಆರೋಪಿಗಾಗಿ ಕನ್ನಡದಲ್ಲೂ ಹೇಳಬೇಕಾಗಿತ್ತು. ಹೇಳಿದೆ. ದೈವ ಎಂಬ ಶಬ್ದ ನನ್ನ ಬಾಯಿಂದ ಬಂದದ್ದು ಕೇಳಿ ಈರಪ್ಪ ನನ್ನತ್ತ ಕಣ್ಣರಳಿಸಿ ನೋಡಿದ.

ತೀರ್ಪು ಹೀಗಾಯಿತು: ತೋಳಿನ ಮೇಲಿನ ನಾಯಕನ ಪಟ್ಟಿ ಹೋಯಿತು, ಸೆರೆವಾಸ, ಆ ಕ್ಷಣವೇ ಹಿಂದಿನ ನೆಲೆಗೆ ರವಾನೆ. ಅಲ್ಲಿ ಅವನನ್ನು ಒಬ್ಬನನ್ನೇ ಇಡಬೇಕು, ಯಾರೊಡನೆಯೂ ಮಾತಿಲ್ಲ. ಎಲ್ಲರೂ ಹೊರಗೆ ಹೋದ ಮೇಲೆ ಮೇಜರ್ ನನ್ನನ್ನು ನಿಲ್ಲಿಸಿಕೊಂಡು ಹೇಳಿದರು: "ನೀನು ಒಳ್ಳೆಯ ಮಾತುಗಾರ. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿದೆ. ಇನ್ನು ಮುಂದೆಯೂ ಅಲ್ಲೇ ನಿಲ್ಲಿಸು."

ಒಬ್ಬ ಬದುಕಿಕೊಂಡ ಎಂದು ನಾನು ಸಮಾಧಾನಪಟ್ಟೆ. ಅರ್ಧ ದಿನ ಉಳಿಯಿತು ಆ ಸಮಾಧಾನ.

ಮಧ್ಯಾಹ್ನ ಡೇರೆಗೆ ಹೋದರೆ ಈರಪ್ಪ ಹಂಚಿದ್ದ ಎಲೆಗಳಿಗಾಗಿ ಕಚ್ಚಾಟ ನಡೆದಿತ್ತು. ಎಲೆಯನ್ನು ಒಬ್ಬ ತಾಯಿತಕ್ಕೆ ಸೇರಿಸಿದ್ದ, ಇನ್ನೊಬ್ಬ ಟೋಪಿಯ ಅಂಚಿನಲ್ಲಿ ಹೊಲಿದುಕೊಂಡಿದ್ದ. ಹುಸೇನಸಾಬ ಎದೆಯ ಜೇಬು ತಟ್ಟಿ ತೋರಿಸಿದ. "ಇನ್ನ ಮೈನಿನ ಅಂಜಿಕಿ ಇಲ್ರಿ ವಕೀಲ್ರ. ಈರ್ಯಾ ಅದರ ಮ್ಯಾಲ ಜಾತ್ರಿಗೆ ಹೋದಂಗ ಹೋಗಿ ಬಂದಾನ. ಒಂದರ ಸಿಡೀತೇನು?"

"ಎಲಿಗೂ ಮೈನಿಗೂ ಏನೋ ಸಂಬಂಧ?" ಎಂದೆ. "ಕಬ್ಬಿಣದ ಡಬ್ಬಿ ಅದು. ಅದಕ್ಕ ಬನ್ನಿ ಗೊತ್ತಿಲ್ಲ, ಬಾರಿ ಗೊತ್ತಿಲ್ಲ."

"ಹಂಗಾರ ಅಂವ ಹೆಂಗ ಬಂದ? ಅದನ್ನ ಹೇಳ್ರಿ."

ನಾನು ಟೋಪಿ ತೆಗೆದು ಧೂಳು ಜಾಡಿಸಿದೆ.

"ನೀವಽ ಅಂದೀರಂತಲ್ರಿ ಕೋರ್ಟಿನ್ಯಾಗ, ದೈವ ಅಂತ. ಗಾರ್ಡಿನವ್ರು ಕೇಳ್ಯಾರ. ನಮ್ಮ ವಕೀಲ್ರಽ ದೈವ ಅಂದ ಮ್ಯಾಲ ಮುಗೀತು. ದೇವ್ರೂ ಸಾಕ್ಷಿ ಕೊಟ್ಟಂಗಽ!"

ಎಲ್ಲರೂ ಹೋ ಎಂದು ನಕ್ಕರು. ನಾನೂ ನಗಬೇಕಾಯಿತು. ಚರ್ಚಾಕೂಟದಲ್ಲಿ ಎಷ್ಟೋ ಸಲ ಸೋತಿದ್ದೇನೆ, ಉತ್ತರ ಗೊತ್ತಿಲ್ಲದೆ. ಉತ್ತರ ಗೊತ್ತಿದ್ದೂ ಸೋತದ್ದು ಅದೇ ಮೊದಲು. ಗುಟ್ಟನ್ನು ಹೇಳಿದರೆ ನಂಬಿಕೆ ಒಡೆಯುತ್ತದೆ, ಆದರೆ ಯುದ್ಧದ ದಾರಿ ಬಯಲಾಗುತ್ತದೆ. ಹೇಳದಿದ್ದರೆ ಈ ಜನ ಜೇಬಿನಲ್ಲಿ ಒಣಎಲೆ ಇಟ್ಟುಕೊಂಡು ನಿಜವಾದ ಮೈನಿನ ಮೇಲೆ ಎದೆಯುಬ್ಬಿಸಿ ನಡೆಯುತ್ತಾರೆ. ನಮ್ಮ ಕಂಪನಿಗೆ ಬರಲಿರುವ ಕೆಲಸ ಏನೆಂದು ಅಷ್ಟರಲ್ಲಿ ನನಗೆ ತಿಳಿದಿತ್ತು. ಸ್ಯಾಪರುಗಳು, ಎಂದರೆ ಮೈನ್ ಎತ್ತುವ ಪರಿಣತರು, ಶತ್ರುವಿನ ಮೈನುಗಳ ನಡುವೆ ಒಂದು ಓಣಿಯನ್ನು ಸ್ವಚ್ಛ ಮಾಡಿ ಎರಡೂ ಬದಿಗೆ ಬಿಳಿ ಟೇಪು ಹಾಸುತ್ತಾರೆ. ಅವರ ಹಿಂದೆ ಹೋಗಿ ಆ ಓಣಿಯನ್ನು ಗಾಡಿ ಓಡುವಂತೆ ಮಾಡುವುದು ನಮ್ಮ ಪಾಲು. ಟೇಪಿನ ಒಳಗಿದ್ದರೆ ಬದುಕು. ಒಂದು ಹೆಜ್ಜೆ ಹೊರಗಿಟ್ಟರೆ, ನಾವೇ ತೋಡಿಟ್ಟ ಸಾಲು ಹಿಂದೆ ಕಾಯುತ್ತಿತ್ತು.

ಎರಡು ದಿನ ತಿರುಗಿ ತಿರುಗಿ ವಾದಿಸಿದೆ. ಪ್ರತಿ ವಾದವೂ ಅದೇ ಗೋಡೆಗೆ ಬಂದು ಬಡಿಯುತ್ತಿತ್ತು: ಹಂಗಾರ ಅಂವ ಹೆಂಗ ಬಂದ? ಕೊನೆಗೆ ನನಗೆ ಚರ್ಚಾಕೂಟದ ಹಳೆಯ ಉಪಾಯ ನೆನಪಾಯಿತು. ಎದುರಿನವನನ್ನು ನಿನ್ನ ನೆಲಕ್ಕೆ ಎಳೆಯಲಾಗದಿದ್ದರೆ ಅವನ ನೆಲಕ್ಕೇ ಹೋಗು.

ಮುಂದೆ ಸಾಗುವ ಹುಕುಮು ಬಂದ ಮಧ್ಯಾಹ್ನ ನಾನು ಹುಸೇನಸಾಬನ ಹತ್ತಿರ ಹೋದೆ.

"ಹುಸೇನ್, ನೀ ನನಗ ಈ ವರ್ಷ ಬನ್ನಿ ಕೊಟ್ಟೇ ಇಲ್ಲ."

"ನೀವು ತಗೊಳ್ಳಾಂವರಲ್ಲ ಅಂತ ಬಿಟ್ಟಿದ್ನಿರಿ."

"ಈಗ ಕೇಳಾಕತ್ತೇನಿ."

ಅವನ ಕೈ ಜೇಬಿನ ಮೇಲೆ ಹೋಯಿತು. "ಒಂದಽ ಉಳದೈತ್ರಿ."

"ಒಂದು ಸಾಕು. ಶೀಗಿ ಹುಣ್ಣಿವಿ ಇನ್ನೂ ದಾಟಿಲ್ಲ, ಬನ್ನಿ ಕೊಡೂ ದಿವಸ ಮುಗದಿಲ್ಲ. ಕೇಳಿದಾಂವಗ ಇಲ್ಲ ಅನ್ನೂದು ನಿಮ್ಮ ಓಣ್ಯಾಗ ಐತೇನು? ಜೇಬಿನ್ಯಾಗ ಮುಚ್ಚಿಟ್ಟದ್ದು ಬನ್ನಿ ಹ್ಯಾಂಗ ಆದೀತು? ಬರೇ ತೊಪ್ಪಲ."

ಹುಸೇನಸಾಬ ಜೇಬಿನ ಗುಂಡಿ ಬಿಚ್ಚಿದ. "ಇದು ಮೋಸ್ರಿ ವಕೀಲ್ರ."

"ಮೋಸ ಅಲ್ಲ, ವಾದ."

"ಎರಡಕ್ಕೂ ಏನ್ರಿ ಫರಕು?" ಎಂದವನೇ ಎಲೆ ತೆಗೆದು ಎರಡೂ ಕೈಯಿಂದ ಕೊಟ್ಟ. "ತಗೋರಿ. ಬಂಗಾರದಂಗ ಇರೂಣ್ರಿ."

"ಇರೂಣು. ಆದ್ರ ಟೇಪಿನ ಒಳಗಽ ಇರೂಣು."

ಓಣಿಯ ಮೊದಲ ಬನ್ನಿಯವನೇ ಕೊಟ್ಟ ಮೇಲೆ ಉಳಿದವರಿಗೆ ಇಲ್ಲವೆನ್ನುವುದು ಸಾಧ್ಯವಿರಲಿಲ್ಲ. ಡೇರೆಯಿಂದ ಡೇರೆಗೆ ಹೋಗಿ ಕೈಯೊಡ್ಡಿದೆ. ಟೋಪಿಯ ಹೊಲಿಗೆ ಬಿಚ್ಚಿಸಿದೆ, ತಾಯಿತ ಬಿಚ್ಚಿಸಿದೆ. "ನಂಬದಾಂವಗಽ ಆಶಾ ಹೆಚ್ಚು ನೋಡ್ರಿ" ಎಂದು ಕುಹಕವಾಡಿದರು. "ವಕೀಲ್ರು ಒಬ್ಬರಽ ಬದುಕಿ ಬರಾಂವರು" ಎಂದರು. ಅನ್ನಲಿ. ಸಂಜೆಯಷ್ಟರಲ್ಲಿ ನನ್ನ ಎರಡೂ ಜೇಬು ಎಲೆಯಿಂದ ಉಬ್ಬಿದ್ದವು, ಕಂಪನಿಯ ಮುಖಗಳಲ್ಲಿ ಅಂಜಿಕೆ ಮರಳಿ ಬಂದಿತ್ತು. ಅಂಜಿಕೆಯನ್ನು ಕಂಡು ಅಷ್ಟು ಸಂತೋಷಪಟ್ಟ ದಿನ ನನ್ನ ಜೀವನದಲ್ಲಿ ಇನ್ನೊಂದಿಲ್ಲ. ಬರಿಗೈಯವನು ನೆಲ ನೋಡಿ ನಡೆಯುತ್ತಾನೆ.

ಕೊನೆಗೆ ಸುಬೇದಾರರ ಡೇರೆಯ ಮುಂದೆಯೂ ಹಾದುಹೋದೆ. ಅವರು ಸ್ಟೂಲಿನ ಮೇಲೆ ಕುಳಿತು ಬೂಟಿನ ದಾರ ಬಿಗಿಯುತ್ತಿದ್ದರು. ನನ್ನ ಉಬ್ಬಿದ ಜೇಬು ನೋಡಿ, "ಏನ್ ಕ್ಲರ್ಕ್, ತೊಪ್ಪಲದ ಅಂಗಡಿ ಇಟ್ಟೀಯೇನು?" ಎಂದು ನಕ್ಕರು. ನಾನೂ ನಕ್ಕೆ. ಸಲ್ಯೂಟು ಹೊಡೆದು ಮುಂದೆ ಹೋದೆ.

ನಮ್ಮನ್ನು ಲಾರಿಗಳಲ್ಲಿ ಬೇರೆ ದಾರಿಯಿಂದ ಉತ್ತರಕ್ಕೆ ಸಾಗಿಸಿದ್ದರಿಂದ, ಮುಳ್ಳುಗಿಡದ ಆ ಮೈದಾನದಲ್ಲಿ ಟ್ಯಾಂಕುಗಳು ಸಾಗಿದ್ದನ್ನು ನಮ್ಮಲ್ಲಿ ಯಾರೂ ಕಾಣಲಿಲ್ಲ. ಸಾಗಿದ್ದು ನಿಜವೆಂದು ಎಷ್ಟೋ ತಿಂಗಳ ಮೇಲೆ ಒಬ್ಬ ಸ್ಯಾಪರನಿಂದ ತಿಳಿಯಿತು. ಹುಣ್ಣಿವೆಯ ಬೆಳಕಿಗಾಗಿ ಕಾದಿದ್ದ ತೋಪಿನವರು, ಸ್ಯಾಪರುಗಳು ಆ ಬೆಳಕಿನಲ್ಲಿ ತಮ್ಮ ಕೆಲಸ ಶುರು ಮಾಡಿದರು. ತೋಪುಗಳ ಸದ್ದಿನ ಬಗ್ಗೆ ಬೇರೆಯವರು ಬಹಳ ಬರೆದಿದ್ದಾರೆ, ನಾನು ಬರೆಯುವುದಿಲ್ಲ. ಬೆಳಗಾದ ಮೇಲೆ ನಮ್ಮ ಸರದಿ. ಧೂಳಿನಲ್ಲಿ ಬಿಳಿ ಟೇಪು ಎರಡು ಗೆರೆಯಾಗಿ ಕಾಣುತ್ತಿತ್ತು. ನಮ್ಮವರು ಅದರ ನಡುವೆ, ಒಬ್ಬರ ಹೆಜ್ಜೆಯ ಮೇಲೊಬ್ಬರು ಹೆಜ್ಜೆ ಇಡುತ್ತ, ಸಲಿಕೆ ಹಿಡಿದು ನಡೆದರು. ಹುಸೇನಸಾಬ ನನ್ನ ಮುಂದಿದ್ದ. ಅವನ ಪಾದ ಪ್ರತಿ ಸಲವೂ ಗೆರೆಯೊಳಗೇ ಬೀಳುತ್ತಿತ್ತು.

ಒಂದು ಕಡೆ ಟೇಪಿನ ಗೂಟ ಕಿತ್ತುಬಿದ್ದು, ಟೇಪು ಗಾಳಿಗೆ ಹೊರಗೆ ಹಾರಿತ್ತು. ಹಿಂದೆ ಲಾರಿಗಳು ಬರುತ್ತಿದ್ದವು. ಗೆರೆ ಕಾಣದಿದ್ದರೆ ಅವು ದಾರಿ ತಪ್ಪುತ್ತಿದ್ದವು. ಪದ್ಧತಿ ಏನೆಂದರೆ ಅಲ್ಲೇ ನಿಂತು ಸ್ಯಾಪರನನ್ನು ಕರೆಯುವುದು. ಹಾಗೆಂದು ಹಿಂದಿನ ದಿನ ನಮಗೆ ಕಲಿಸಿ ಹೇಳಿದವರು ಸುಬೇದಾರ ಮಾನೆಯವರೇ. ಅವರು ಸಾಲಿನ ಪಕ್ಕದಿಂದ ಮುಂದೆ ಬಂದರು. ಎದೆಯ ಜೇಬನ್ನು ಒಂದು ಸಲ ಅಂಗೈಯಿಂದ ಒತ್ತಿದರು, ಗುಂಡಿ ಹಾಕಿದೆಯೋ ಇಲ್ಲವೋ ನೋಡಿಕೊಳ್ಳುವವರ ಹಾಗೆ. ಆಮೇಲೆ ಗೆರೆ ದಾಟಿ ಟೇಪಿನ ತುದಿಯ ಕಡೆಗೆ ನಡೆದರು. ಓಡಲಿಲ್ಲ, ತಡವರಿಸಲಿಲ್ಲ. ಮೂವತ್ತು ವರ್ಷ ಸೈನ್ಯದಲ್ಲಿದ್ದವರು ತಮ್ಮ ಮನೆಯ ಅಂಗಳದಲ್ಲಿ ನಡೆದ ಹಾಗೆ ನಡೆದರು.

ಸದ್ದು ಅಷ್ಟು ದೊಡ್ಡದಾಗಿರಲಿಲ್ಲ.

ಸ್ಯಾಪರುಗಳು ಅವರನ್ನು ಒಳಗೆ ತಂದಾಗ ಅವರ ಸಾಮಾನುಗಳನ್ನು ಬಿಡಿಸಿಕೊಳ್ಳುವುದು ಕ್ಲರ್ಕನಾದ ನನ್ನ ಕೆಲಸವಾಯಿತು. ಎದೆಯ ಜೇಬಿನ ಗುಂಡಿ ಬಿಗಿಯಾಗಿ ಹಾಕಿತ್ತು. ಒಳಗೆ ಬೀಡಿಯ ಕಟ್ಟು, ಅದರ ಪಕ್ಕದಲ್ಲಿ ಒಂದು ಕರವಸ್ತ್ರ. ಕರವಸ್ತ್ರದ ಮಡಿಕೆಯಲ್ಲಿ ಒಣಗಿದ ಸಣ್ಣ ಎಲೆಗಳು. ಈರಪ್ಪ ಕೊಟ್ಟಾಗ ಅವರು ಎರಡೂ ಕೈ ಚಾಚಿ ತೆಗೆದುಕೊಂಡಿದ್ದ ಎಲೆಗಳೇ. ಅವನನ್ನು ಹಿಡಿದುಕೊಟ್ಟವರು ಅವನು ಕೊಟ್ಟದ್ದನ್ನು ಸಾಕ್ಷ್ಯದ ಮೇಜಿನ ಮೇಲೆ ಇಟ್ಟಿರಲಿಲ್ಲ.

ಹುಸೇನಸಾಬ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದ.  ತನ್ನ ಖಾಲಿ ಜೇಬನ್ನು ಒಂದು ಸಲ ಮುಟ್ಟಿ ನೋಡಿಕೊಂಡ.

ನನ್ನೊಳಗಿನ ಎದುರುವಾದಿ ಕೇಳುತ್ತಾನೆ: ಅವರು ಹೊರಗೆ ಹೋದದ್ದು ಎಲೆಯ ಧೈರ್ಯದಿಂದ ಎಂದು ಹೇಗೆ ಹೇಳುತ್ತೀ? ಹಿಂದೆ ಬರುವ ಲಾರಿಯವರಿಗಾಗಿ ಹೋಗಿರಬಾರದೇಕೆ? ಜೇಬು ಒತ್ತಿದ್ದು ಬರಿಯ ರೂಢಿ ಇರಬಾರದೇಕೆ? ಇರಬಹುದು. ಎರಡೂ ಪಕ್ಷವನ್ನು ನಾನು ಎಷ್ಟು ಹೊತ್ತು ಬೇಕಾದರೂ ಸಮರ್ಥಿಸಬಲ್ಲೆ. ತೀರ್ಪು ಹೇಳಬಲ್ಲವರು ಉಳಿದಿಲ್ಲ.

ಯುದ್ಧ ಮುಗಿದು ಊರಿಗೆ ಬಂದ ಮೇಲಿನ ಮೊದಲ ದಸರೆಗೆ ಹಳೇ ಹುಬ್ಬಳ್ಳಿಗೆ ಹೋದೆ. ಈರಪ್ಪ ಮತ್ತೆ ಕುಲುಮೆ ಹಚ್ಚಿದ್ದ. ಹುಸೇನಸಾಬ ಆ ಹೊತ್ತಿಗಾಗಲೇ ಓಣಿಗೆಲ್ಲ ಮೊದಲ ಬನ್ನಿ ಕೊಟ್ಟು ಅಲ್ಲೇ ಕಟ್ಟೆಯ ಮೇಲೆ ಕುಳಿತಿದ್ದ. ಗುಟ್ಟು ಈಗ ಗುಟ್ಟಾಗಿರಲಿಲ್ಲವಾದ್ದರಿಂದ ಈರಪ್ಪನಿಗೆ ಎಲ್ಲ ಹೇಳಿಬಿಟ್ಟೆ: ಆ ನೆಲದಲ್ಲಿ ಮೈನ್ ಇರಲಿಲ್ಲ, ಹಲಗೆ ಖೊಟ್ಟಿ, ಅವನು ನಡೆದದ್ದು ಬರಿಯ ಮರಳಿನ ಮೇಲೆ.

ಅವನು ತಿದಿ ಒತ್ತುವುದನ್ನು ನಿಲ್ಲಿಸಲಿಲ್ಲ. "ಖೊಟ್ಟಿ ಅಂತ ನೀವು ಈಗ ಹೇಳಾಕತ್ತೀರಿ ವಕೀಲ್ರ. ನಾ ಕಾಲಿಡೂಮುಂದ ಯಾರೂ ಹೇಳಿದ್ದಿಲ್ಲಲ್ರಿ." ಕೆಂಡ ಕೆದರುತ್ತ ಕೇಳಿದ: "ಸುಬೇದಾರ ಸಾಹೇಬ್ರಿಗಾದ್ರೂ ಹೇಳಿದ್ರೇನು?"

ಅವರಿಗೂ ಹೇಳಿರಲಿಲ್ಲ. ಹೇಳುವಂತಿರಲಿಲ್ಲ, ಅದು ನಿಜ. ಆದರೆ ಕೇಳಬಹುದಿತ್ತು. ಕಂಪನಿಯ ಎಲ್ಲರ ಮುಂದೆ ಕೈಯೊಡ್ಡಿದವನು, ಸಾಹೇಬರೇ, ನಿಮ್ಮ ಪಾಲಿನ ಬನ್ನಿ ಎಲ್ಲಿ ಎಂದು ಅವರೊಬ್ಬರನ್ನು ಕೇಳಬಹುದಿತ್ತು. ನನ್ನ ಪಕ್ಷದವರೆಂದು ಅವರನ್ನು ಬಿಟ್ಟೆ.

ಮೇಜರ್ ಕೇಳದೆ ಬಿಟ್ಟ ಪ್ರಶ್ನೆಯಿಂದ ನನಗೆ ಗುಟ್ಟು ಸಿಕ್ಕಿತು. ನಾನು ಕೇಳದೆ ಬಿಟ್ಟ ಪ್ರಶ್ನೆ ಏನನ್ನು ಕಳೆಯಿತೆಂಬುದು ಈಗ ನಿಮಗೂ ಗೊತ್ತು. ಆ ನೌಕರಿಯಿಂದ ಕಲಿತ ಪಾಠವಿದ್ದರೆ ಇದೊಂದೇ: ಇಂದು ಕೋರ್ಟಿನಲ್ಲಿ ಎದುರು ಪಕ್ಷದ ಸಾಕ್ಷಿಯನ್ನು ಕೇಳುವುದಕ್ಕಿಂತ ಮೊದಲು ನನ್ನ ಪಕ್ಷದವನೆಂದು ನಕ್ಕು ಕುಳಿತವನನ್ನು ಕರೆದು ಕೇಳುತ್ತೇನೆ, ಜೇಬಿನಲ್ಲಿ ಏನಿದೆ ಎಂದು.